ಹಿತ್ತಲ ಹುಳುಗಳ ಲೆಕ್ಕ



ಈವೊತ್ತು ನಾನು ಗೊಬ್ಬರದ ವಿಷಯ ಹೇಳುವುದಿಲ್ಲ, ಬೀಜೋಪಚಾರದ ವಿಷಯವನ್ನೂ ಹೇಳುವುದಿಲ್ಲ. ಹಿತ್ತಲಿನಲ್ಲಿ ಹಾರಾಡುವ ಹುಳುಗಳನ್ನು ಎಣಿಸುವುದು ಹೇಗೆ, ಯಾತಕ್ಕೆ ಎಂಬುದನ್ನು ಹೇಳಬೇಕೆಂದಿದ್ದೇನೆ. "ಕುರಿ ಎಣಿಸೋದು ಗೊತ್ತು, ತೆಂಗಿನಕಾಯಿ ಎಣಿಸೋದು ಗೊತ್ತು. ಹುಳ ಎಣಿಸಿ ಯಾವ ಸಂತೆಗೆ ಒಯ್ಯೋಣ ಸ್ವಾಮಿ?" ಅಂತ ತಾವು ನಗಬಹುದು. ನಗಿ, ಬೇಡ ಅನ್ನುವುದಿಲ್ಲ. ಆದರೆ ಮಾತು ಪೂರಾ ಕೇಳಿದ ಮೇಲೆ ನಗಿ.

ಮೊದಲು ತಮ್ಮ ಮನೆಯ ಕುಂಬಳದ ಬಳ್ಳಿಯ ಹತ್ತಿರಕ್ಕೇ ಹೋಗೋಣ. ಬಳ್ಳಿ ಸೊಂಪಾಗಿ ಹಬ್ಬಿದೆ. ಹಳದಿ ಹೂ ಬೇಕಾದಷ್ಟು ಬಿಟ್ಟಿದೆ. ಆದರೆ ಹೀಚು ನಿಲ್ಲುವುದಿಲ್ಲ. ಹಳದಿಯಾಗಿ, ಸೊರಗಿ ಉದುರಿಹೋಗುತ್ತದೆ. ಆಗ ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ಒಬ್ಬರು ದೃಷ್ಟಿಯಾಗಿದೆ ಎಂದು ಹಳೆ ಚಪ್ಪಲಿ ಕಟ್ಟುತ್ತಾರೆ. ಇನ್ನೊಬ್ಬರು ಪೇಟೆಗೆ ಹೋಗಿ ಒಂದು ಬಾಟ್ಲಿ ಔಷಧಿ ತಂದು ಹೊಡೆಯುತ್ತಾರೆ. ಬಳ್ಳಿಗೆ ಬಂದಿರುವ ಕಷ್ಟ ಏನು ಅಂತ ನೋಡಿದವರು ಯಾರು?

ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಸಣ್ಣ ಉದ್ದ ತೊಟ್ಟಿನ ಮೇಲೆ ನಿಂತಿರುವುದು ಗಂಡು. ಬುಡದಲ್ಲಿ ಪುಟ್ಟ ಕಾಯಿ ಹೊತ್ತುಕೊಂಡಿರುವುದು ಹೆಣ್ಣು. ಮೊದಮೊದಲು ಬಿಡುವ ಹೂಗಳೆಲ್ಲ ಹೆಚ್ಚಾಗಿ ಗಂಡೇ. ಅವು ಉದುರಿದರೆ ಚಿಂತೆಯಿಲ್ಲ. ಆದರೆ ಹೆಣ್ಣು ಹೂ ಕಾಯಿಯಾಗಬೇಕಾದರೆ ಗಂಡು ಹೂವಿನ ಪರಾಗ ಅದಕ್ಕೆ ತಲುಪಬೇಕು. ಆ ಪರಾಗ ಅಂಟಂಟಾಗಿ ಭಾರವಾಗಿರುತ್ತದೆ, ಗಾಳಿಗೆ ಹಾರುವುದಿಲ್ಲ. ಜೇನು, ದುಂಬಿ ಮುಂತಾದವು ಮೈಗೆ ಮೆತ್ತಿಸಿಕೊಂಡು ಹೊತ್ತು ತರಬೇಕು. ಕುಂಬಳದ ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುದುಡಿಕೊಳ್ಳುತ್ತದೆ. ಅಷ್ಟೇ ಅದರ ಆಯುಸ್ಸು. ಅಷ್ಟರೊಳಗೆ ಜೇನು ಬಂದರೆ ಕಾಯಿ ಉಂಟು, ಬಾರದಿದ್ದರೆ ಇಲ್ಲ.

ಹಾಗಾದರೆ ತಮ್ಮ ಬಳ್ಳಿಗೆ ಜೇನು ಬರುತ್ತಿದೆಯೋ ಇಲ್ಲವೋ? ಬಂದರೆ ಎಷ್ಟು? ಹೋದ ವಾರಕ್ಕಿಂತ ಹೆಚ್ಚೋ ಕಡಿಮೆಯೋ? ಇದಕ್ಕೆ ಅಂದಾಜಿನ ಉತ್ತರ ಸಾಲದು. ಅಂದಾಜು ನಮ್ಮನ್ನು ಮೋಸಮಾಡುತ್ತದೆ. ಎಣಿಸಿ ಬರೆದಿಟ್ಟರೆ ಮಾತ್ರ ಗೊತ್ತಾಗುತ್ತದೆ. ಹಾಲಿನ ಡೈರಿಗೆ ಹಾಕುವ ಹಾಲನ್ನು ದಿನಾ ಅಳೆದು ಬರೆಸುವುದಿಲ್ಲವೇ? ಇದೂ ಅದೇ ರೀತಿ.

ಈಗ ಎಣಿಸುವ ಕ್ರಮ ಹೇಳುತ್ತೇನೆ, ಲಕ್ಷ್ಯಕೊಟ್ಟು ಕೇಳಿ.

ಇದಕ್ಕೆ ಬೇಕಾದ ಸಾಮಾನು: ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಗಡಿಯಾರ, ನಾಲ್ಕು ಬಿದಿರು ಕಡ್ಡಿ. ಇಂಗ್ಲೆಂಡಿನಲ್ಲಿ 2017ರಿಂದ ಸಾಮಾನ್ಯ ಜನರು ಸೇರಿ ನಡೆಸುತ್ತಿರುವ ಒಂದು ಎಣಿಕೆ ಇದೆ. ಅದರ ಕ್ರಮ ಬಹಳ ಸುಲಭ. 50 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಒಂದು ಚೌಕ. ಅಂದರೆ ಮೊಳದ ಮೇಲೆ ಮೂರು ಬೆರಳು. ಆ ಚೌಕದೊಳಗಿನ ಒಂದೇ ಜಾತಿಯ ಹೂವನ್ನು 10 ನಿಮಿಷ ನೋಡುವುದು. ಅದರ ಮೇಲೆ ಬಂದು ಕೂತ ಹುಳುಗಳನ್ನೆಲ್ಲ ಗುಂಪು ಗುಂಪಾಗಿ ಎಣಿಸುವುದು. ಇಷ್ಟೇ. ತುಳಸಿ, ಚೆಂಡುಹೂ, ಕೊತ್ತಂಬರಿ, ಸಾಸಿವೆ, ಇಂಥ ಒತ್ತಾದ ಹೂಗಳಿಗೆ ಈ ಚೌಕ ಚೆನ್ನಾಗಿ ಹೊಂದುತ್ತದೆ. ಕುಂಬಳದಂಥ ದೂರ ದೂರದ ದೊಡ್ಡ ಹೂವಾದರೆ, ನಿಂತ ಜಾಗದಿಂದ ಒಂದೇ ನೋಟಕ್ಕೆ ಸಿಕ್ಕುವ ನಾಲ್ಕೈದು ಹೂ ಆರಿಸಿಕೊಳ್ಳಿ. ಎಷ್ಟು ಹೂ ಎಂಬುದನ್ನು ಬರೆಯಿರಿ.

ಹೊತ್ತು ಮುಖ್ಯ. ಕುಂಬಳ, ಸೌತೆ ಇವಕ್ಕೆ ಬೆಳಿಗ್ಗೆ ಎಣಿಸಬೇಕು. ಹೀರೆ, ಸೋರೆ ಇವು ಸಂಜೆ ಅರಳುವ ಜಾತಿ. ಬೆಳಿಗ್ಗೆ ಹೋಗಿ ಸೋರೆ ಹೂವಿನ ಮುಂದೆ ಕೂತು "ಒಂದು ಹುಳವೂ ಇಲ್ಲ" ಅಂತ ಬರೆದರೆ ಅದು ಹುಳದ ತಪ್ಪಲ್ಲ. ಮಳೆ ಬರುವಾಗ, ಗಾಳಿ ಬೀಸುವಾಗ ಎಣಿಸಬೇಡಿ. ವಾರಕ್ಕೆ ಒಂದು ದಿನ, ಅದೇ ಜಾಗ, ಅದೇ ಹೊತ್ತು. ಈ ಮೂರನ್ನೂ ಬದಲಾಯಿಸಬಾರದು. ಒಂದು ವಾರ ತೂಬರದಲ್ಲಿ, ಇನ್ನೊಂದು ವಾರ ತಕ್ಕಡಿಯಲ್ಲಿ ಅಳೆದರೆ ರಾಗಿ ಹೆಚ್ಚಿತೋ ತಗ್ಗಿತೋ ಯಾರು ಹೇಳಬೇಕು?

ಬರೆಯುವುದು ಹೀಗೆ: ತಾರೀಖು, ಹೊತ್ತು, ಬಿಸಿಲೋ ಮೋಡವೋ, ಯಾವ ಗಿಡ, ಎಷ್ಟು ಹೂ. ಆಮೇಲೆ ಜೇನು ಎಷ್ಟು, ದುಂಬಿ ಎಷ್ಟು, ಕಣಜ ಎಷ್ಟು, ಚಿಟ್ಟೆ ಎಷ್ಟು, ನೊಣ ಎಷ್ಟು, ಇರುವೆ ಎಷ್ಟು, ಇತರ ಎಷ್ಟು. ಕೊನೆಗೆ, ಹತ್ತಿರದಲ್ಲಿ ಯಾವಾಗಲಾದರೂ ಔಷಧಿ ಹೊಡೆದಿದ್ದರೆ ಅದರ ತಾರೀಖು. ಒಂದೇ ಜೇನು ಎದ್ದು ಮತ್ತೆ ಪಕ್ಕದ ಹೂವಿನ ಮೇಲೆ ಕೂತದ್ದು ಕಂಡರೆ ಅದನ್ನು ಎರಡು ಅಂತ ಬರೆಯಬಾರದು. ಒಂದೂ ಬರದಿದ್ದರೆ ಸೊನ್ನೆ ಬರೆಯಬೇಕು. ಈ ಸೊನ್ನೆಯನ್ನು ಜನ ಬಿಟ್ಟುಬಿಡುತ್ತಾರೆ, "ಏನೂ ಬರಲಿಲ್ಲ, ಬರೆಯೋದೇನು" ಅಂತ. ಹಾಗಲ್ಲ. ಸೊನ್ನೆಯೂ ಒಂದು ಲೆಕ್ಕವೇ. ಬಾವಿಯಲ್ಲಿ ನೀರಿಲ್ಲ ಎಂಬುದು ಸಣ್ಣ ಸುದ್ದಿಯೇ?

ಹೆಸರು ಗೊತ್ತಿಲ್ಲವೆಂದು ಹಿಂಜರಿಯಬೇಡಿ. "ಸಣ್ಣ ಕರೀ ನೊಣ" ಅಂತ ಬರೆದರೂ ಸರಿಯೇ. ಗೊತ್ತಿಲ್ಲದ ಹೆಸರನ್ನು ಊಹಿಸಿ ಬರೆಯುವುದು ಮಾತ್ರ ಸರಿಯಲ್ಲ. ಹಾಗೆ ನೋಡಿದರೆ ನಮ್ಮ ಹಳ್ಳಿಯವರಿಗೆ ಗೊತ್ತಿರುವ ಹೆಸರುಗಳು ಕಡಿಮೆಯೇನಲ್ಲ. ಎತ್ತರದ ಮರಕ್ಕೋ ಬಂಡೆಗೋ ದೊಡ್ಡ ತಟ್ಟಿ ಕಟ್ಟುವುದು ಹೆಜ್ಜೇನು. ಮರದ ಪೊಟರೆಯಲ್ಲಿ, ಹುತ್ತದಲ್ಲಿ ಸಾಲಾಗಿ ತಟ್ಟಿ ಕಟ್ಟುವುದು ತುಡುವೆ. ಪೆಟ್ಟಿಗೆಯಲ್ಲಿ ಸಾಕುವುದು ಇದನ್ನೇ. ಪೊದೆಯ ಕಡ್ಡಿಗೆ ಅಂಗೈಯಗಲದ ಒಂದೇ ತಟ್ಟಿ ಕಟ್ಟುವುದು ಕೋಲುಜೇನು. ಗೋಡೆಯ ಬಿರುಕಿನಲ್ಲಿ ಇರತಕ್ಕ, ಕುಟುಕದ ಪುಟ್ಟ ಕಪ್ಪು ಜೇನು ಮುಜಂಟಿ. ಕೆಲವು ಕಡೆ ನಸರಿ ಅಂತಲೂ ಅನ್ನುತ್ತಾರೆ. ಈ ನಾಲ್ಕನ್ನೂ ಬೇರೆ ಬೇರೆಯಾಗಿ ಎಣಿಸಬಲ್ಲವರು ನಮ್ಮ ಅಜ್ಜಂದಿರು, ಅಜ್ಜಿಯರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ; ಮಕ್ಕಳು ಬರೆಯಲಿ, ಹಿರಿಯರು ಹೆಸರು ಹೇಳಲಿ.

ಹೂವಿನ ಎಣಿಕೆ ಮುಗಿದ ಮೇಲೆ ಎಲೆಯ ಕಡೆಗೂ ಒಂದಿಷ್ಟು ಕಣ್ಣು ಹಾಯಿಸಿ. ಅವರೆ, ಅಲಸಂದೆಯ ಕುಡಿಯಲ್ಲಿ ಹೇನು ಕೂತಿರುತ್ತವೆ. ಅಲ್ಲೇ ಕೆಂಪು ಮೈಗೆ ಕರೀ ಚುಕ್ಕೆಯ ಗುಲಗಂಜಿ ಹುಳು ಓಡಾಡುತ್ತಿರುತ್ತದೆ. ಅದು ಹೇನನ್ನು ತಿನ್ನುವ ನಮ್ಮ ಸ್ನೇಹಿತ ಎಂಬುದು ಈಗ ಅನೇಕರಿಗೆ ಗೊತ್ತು. ಆದರೆ ಅದರ ಮರಿಯನ್ನು ಗುರುತಿಸುವವರು ಕಡಿಮೆ. ಬೂದುಗಪ್ಪು ಬಣ್ಣ, ಮೈಮೇಲೆ ಕೇಸರಿ ಮಚ್ಚೆ, ಸಣ್ಣ ಮೊಸಳೆಯ ಹಾಗೆ ಆಕಾರ. ಅದನ್ನು ಕಂಡು "ಅಯ್ಯೋ ಕೆಟ್ಟ ಹುಳ" ಅಂತ ಹೊಸಕಿಹಾಕುವವರಿದ್ದಾರೆ. ಹೇನು ತಿನ್ನುವುದರಲ್ಲಿ ಮರಿಯೂ ತಾಯಿಗೆ ಕಡಿಮೆಯಿಲ್ಲ.

ಹಾಗೆಂದು ಗುಲಗಂಜಿಯಂತೆ ಕಂಡದ್ದೆಲ್ಲ ಸ್ನೇಹಿತನೂ ಅಲ್ಲ. ಬದನೆ ಎಲೆಯ ಮೇಲೆ ಹೊಳಪಿಲ್ಲದ, ನವಿರು ಕೂದಲಿನ, ಇಟ್ಟಿಗೆ ಬಣ್ಣದ ಒಂದು ಹುಳು ಇರುತ್ತದೆ. ಮೈಮೇಲೆ ಚುಕ್ಕೆ ಬಹಳ. ಅದರ ಮರಿ ಹಳದಿ, ಮೈತುಂಬ ಮುಳ್ಳು. ಅದು ಎಲೆಯ ಹಸಿರನ್ನು ಕೆರೆದು ತಿಂದು ಜರಡಿಯಂತೆ ಮಾಡುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಕಣ್ಣಾರೆ ನೋಡಿ ತಿಳಿಯಬೇಕು. ಎಣಿಸಲು ಕೂತವನಿಗೆ ಅದು ತಾನಾಗಿ ತಿಳಿಯುತ್ತದೆ. ಹಾಗೆಯೇ ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳು ಇದ್ದರೆ, ಅದು ನಿಂಬೆ ಚಿಟ್ಟೆಯ ಮರಿ. ಗಿಡ ದೊಡ್ಡದಾಗಿ ಹುಳು ಎರಡೋ ಮೂರೋ ಇದ್ದರೆ ಬಿಟ್ಟುಬಿಡಿ. ಸಣ್ಣ ಗಿಡವಾದರೆ ಕೈಯಿಂದ ಆರಿಸಿ ತೆಗೆಯಿರಿ. ಅದಕ್ಕೆ ಔಷಧಿಯ ಬಾಟ್ಲಿ ಯಾತಕ್ಕೆ?

ಇನ್ನು ಈ ಲೆಕ್ಕದಿಂದ ಮನೆಗೆ ಏನು ಉಪಯೋಗ? ಒಂದು ಮನೆಯ ಪುಸ್ತಕ ಹೀಗಿದೆ ಅಂದುಕೊಳ್ಳಿ. ಮೊದಲನೇ ವಾರ ಕುಂಬಳದ 5 ಹೂವಿಗೆ 14 ಜೇನು. ಎರಡನೇ ವಾರ 11. ಮೂರನೇ ವಾರ 2. ಹೀಚು ಉದುರುವುದು ಶುರುವಾಗಿದೆ. ಈಗ ಮನೆಯವರು ಯೋಚಿಸಬೇಕು. ಆ ದಿನ ಮೋಡವಿತ್ತೇ? ಪಕ್ಕದ ಹೊಲದಲ್ಲಿ ಹುಚ್ಚೆಳ್ಳೋ ಸೂರ್ಯಕಾಂತಿಯೋ ಅರಳಿ ಜೇನೆಲ್ಲ ಅಲ್ಲಿಗೆ ಹೋಯಿತೇ? ಎರಡು ದಿನದ ಹಿಂದೆ ಯಾರಾದರೂ ಔಷಧಿ ಹೊಡೆದರೇ? ಒಂದು ವಾರದ ಅಂಕಿ ನೋಡಿ ತೀರ್ಪು ಕೊಡಬಾರದು. ಒಂದು ದಿನ ಹಾಲು ಕಡಿಮೆಯಾದ ಮಾತ್ರಕ್ಕೆ ಎಮ್ಮೆ ಬತ್ತಿತು ಅನ್ನುತ್ತೇವೆಯೇ? ಆದರೆ ಕಾಯಿಯನ್ನಂತೂ ಉಳಿಸಿಕೊಳ್ಳಬೇಕು. ಅದಕ್ಕೆ ಕೂಡಲೇ ಮಾಡುವ ಉಪಾಯವಿದೆ. ಬೆಳಿಗ್ಗೆ ಆಗತಾನೆ ಅರಳಿದ ಗಂಡು ಹೂ ಕಿತ್ತು, ಎಸಳು ತೆಗೆದು, ಅದರ ನಡುವಿನ ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಜೇನು ಮಾಡುವ ಕೆಲಸವನ್ನು ಕೈಯಿಂದ ಮಾಡಿದಂತಾಯಿತು. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂವಿಗೆ ಸಾಕು.

ಇದಕ್ಕೆ ತಿರುಗಾಮುರುಗಾ, ಜೇನು ಬೇಕಾದಷ್ಟು ಬರುತ್ತಿದ್ದರೂ ಕಾಯಿ ಕೆಡುತ್ತಿದೆ ಅನ್ನಿ. ಆಗ ಕಾರಣ ಬೇರೆ ಇದೆ. ಎಳೆ ಕಾಯಿಯನ್ನು ಸೀಳಿ ನೋಡಿ. ಒಳಗೆ ಬಿಳೀ ಹುಳು ಇದ್ದರೆ ಅದು ಹಣ್ಣುನೊಣದ ಕೆಲಸ. ಕೆಟ್ಟ ಕಾಯನ್ನು ಬಳ್ಳಿಯ ಬುಡದಲ್ಲೇ ಬಿಸಾಡದೆ ಆಯ್ದು ಆಳವಾಗಿ ಹೂಳಬೇಕು. ನೋಡಿ, ಅದೇ ಉದುರಿದ ಕಾಯಿ. ಆದರೆ ಕಾಯಿಲೆ ಎರಡು, ಮದ್ದು ಎರಡು. ಎಣಿಸದೆ ಇದ್ದವನು ಎರಡಕ್ಕೂ ಒಂದೇ ಬಾಟ್ಲಿ ತರುತ್ತಾನೆ. ದುಡ್ಡೂ ಹೋಯಿತು, ಉಳಿದಿದ್ದ ಜೇನೂ ಹೋಯಿತು.

ನೆರೆಹೊರೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಪುಸ್ತಕ ಹಿಡಿದುಕೊಂಡು ಪಕ್ಕದವರ ಮೇಲೆ ಜಗಳಕ್ಕೆ ಹೋಗುವುದಲ್ಲ. ಅವರಿಗೂ ಬೆಳೆ ಉಳಿಯಬೇಕು. "ಅಣ್ಣಾ, ಔಷಧಿ ಹೊಡೆಯಲೇಬೇಕಾದರೆ ಹೂ ಮುದುಡಿದ ಮೇಲೆ, ಸಂಜೆ ಜೇನು ಗೂಡಿಗೆ ಹೋದ ಮೇಲೆ ಹೊಡಿ. ನಿನ್ನ ಬಳ್ಳಿಗೂ ಇವೇ ಜೇನು ಬರೋದು" ಅಂತ ಹೇಳಿ, ಅಂಕಿ ತೋರಿಸಿ. ಬರಿ ಬಾಯಿಮಾತಿಗಿಂತ ಬರೆದ ಅಂಕಿಗೆ ಬೆಲೆ ಹೆಚ್ಚು.

ಇಲ್ಲಿಯವರೆಗೆ ಒಂದು ಮನೆಯ ಲಾಭ ಹೇಳಿದೆ. ಈಗ ದೇಶದ ಲಾಭ ಕೇಳಿ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇದಕ್ಕೇ ಹೇಳಿಮಾಡಿಸಿದಂತಿದೆ.

ಅಮೆರಿಕ ಖಂಡದಲ್ಲಿ ಮೊನಾರ್ಕ್ ಎಂಬ ಕೇಸರಿ ಬಣ್ಣದ ಚಿಟ್ಟೆ ಇದೆ. ನಮ್ಮಲ್ಲಿ ಎಕ್ಕದ ಗಿಡದ ಮೇಲೆ ಮೊಟ್ಟೆಯಿಡುವ ಕೇಸರಿ ಚಿಟ್ಟೆಯ ಬಳಗದ್ದೇ ಅದು. ಚಳಿಗಾಲಕ್ಕೆ ಅವೆಲ್ಲ ಎಲ್ಲಿ ಹೋಗುತ್ತವೆ ಎಂಬುದು ವಿಜ್ಞಾನಿಗಳಿಗೆ ತಿಳಿದಿರಲಿಲ್ಲ. ಕೆನಡಾ ದೇಶದ ಫ್ರೆಡ್ ಅರ್ಕ್ವಾರ್ಟ್ ಮತ್ತು ಅವರ ಪತ್ನಿ ನೋರಾ, ಊರೂರಿನ ಸಾಮಾನ್ಯ ಜನರ ಸಹಾಯ ಬೇಡಿದರು. ಜನರು ಚಿಟ್ಟೆ ಹಿಡಿದು ರೆಕ್ಕೆಗೆ ಪುಟ್ಟ ಚೀಟಿ ಅಂಟಿಸಿ ಬಿಟ್ಟರು. ವರ್ಷ ವರ್ಷಗಳೇ ಕಳೆದವು. ಕೊನೆಗೆ 1975ರ ಜನವರಿಯಲ್ಲಿ, ಮೆಕ್ಸಿಕೋ ದೇಶದ ಬೆಟ್ಟದ ಕಾಡಿನಲ್ಲಿ ಮರ ಮರಕ್ಕೂ ಜೋತುಬಿದ್ದ ಕೋಟ್ಯಂತರ ಚಿಟ್ಟೆಗಳು ಸಿಕ್ಕವು. ಕಂಡುಹಿಡಿದವರು ಕೆನ್ ಬ್ರಗರ್ ಮತ್ತು ಕತಲೀನಾ ಅಗ್ವಾಡೊ ಎಂಬ ಇಬ್ಬರು ಸ್ವಯಂಸೇವಕರು. ಮುಂದಿನ ವರ್ಷ ಅಲ್ಲಿಗೆ ಹೋದ ಅರ್ಕ್ವಾರ್ಟ್ ಅವರಿಗೆ ಚೀಟಿಯಿದ್ದ ಒಂದು ಚಿಟ್ಟೆ ಸಿಕ್ಕಿತು. ಅದನ್ನು ಅಂಟಿಸಿದವರು ಯಾರು ಗೊತ್ತೇ? ಎರಡೂವರೆ ಸಾವಿರ ಕಿಲೋಮೀಟರಿಗೂ ದೂರದ ಮಿನೆಸೋಟಾದ ಒಬ್ಬ ಶಾಲಾ ಮೇಷ್ಟ್ರು ಮತ್ತು ಇಬ್ಬರು ಹುಡುಗರು.

ಇನ್ನೊಂದು ಸಂಗತಿ ಇಷ್ಟು ಸಂತೋಷದ್ದಲ್ಲ. ಜರ್ಮನಿಯ ಕ್ರೇಫೆಲ್ಡ್ ಎಂಬ ಊರಿನಲ್ಲಿ ಕೀಟಾಸಕ್ತರ ಒಂದು ಸಂಘವಿದೆ. ಅದರಲ್ಲಿ ಬಹಳ ಮಂದಿ ಸಂಬಳದ ವಿಜ್ಞಾನಿಗಳಲ್ಲ, ಹವ್ಯಾಸಿಗಳು. ಅವರು 1989ರಿಂದ 27 ವರ್ಷ, 63 ರಕ್ಷಿತ ಸ್ಥಳಗಳಲ್ಲಿ ಒಂದೇ ಬಗೆಯ ಬಲೆ ಕಟ್ಟಿ, ಸಿಕ್ಕಿದ ಹಾರುವ ಹುಳುಗಳನ್ನು ತೂಗಿ ಬರೆದಿಟ್ಟರು. 2017ರಲ್ಲಿ ಲೆಕ್ಕ ಹೊರಬಿತ್ತು: ಹುಳುಗಳ ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿತ್ತು. ಕಣ್ಣಮುಂದೆಯೇ ಇಳಿಯುತ್ತಿದ್ದರೂ, ಬರೆದಿಟ್ಟವರಿಲ್ಲದಿದ್ದರೆ ಈ ಮಾತನ್ನು ಯಾರೂ ನಂಬುತ್ತಿರಲಿಲ್ಲ. ನಮ್ಮಲ್ಲಿ ಮಿಂಚುಹುಳು ಕಡಿಮೆಯಾಯಿತು ಅಂತ ಹಿರಿಯರು ಹೇಳುತ್ತಾರೆ. ಎಷ್ಟಿದ್ದದ್ದು ಎಷ್ಟಾಯಿತು? ಊರಿನ ಪುಸ್ತಕ ಎಲ್ಲಿದೆ?

ನಮ್ಮ ನಾಡಿನ ಮಾತನ್ನೇ ತೆಗೆದುಕೊಳ್ಳಿ. ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳುವಿನ ಕಾಟ ತಮಗೆ ಹೊಸದಲ್ಲ. ಆದರೆ ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಕವೆಗೋಲಿನಂಥ ಬಿಳೀ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕರೀ ಚುಕ್ಕೆ. ಇಷ್ಟು ಗುರುತನ್ನು ಕಣ್ಣಿಟ್ಟು ನೋಡಿದ್ದರಿಂದ ಇದು ಹಳೆಯ ಹುಳುವಲ್ಲ, ಹೊಸದಾಗಿ ಬಂದದ್ದು ಎಂದು ತಿಳಿಯಿತು. 2019ರ ಹೊತ್ತಿಗೆ ಅದು ಚೀನಾ ದೇಶದವರೆಗೂ ಹಬ್ಬಿತ್ತು. ಹಾರುವ ಹುಳಕ್ಕೆ ತಾಲ್ಲೂಕಿನ ಗಡಿಯೂ ಇಲ್ಲ, ದೇಶದ ಗಡಿಯೂ ಇಲ್ಲ. ಹೊಸ ಶತ್ರು ಬಂದದ್ದನ್ನು ಬೇಗ ತಿಳಿಯಬೇಕಾದರೆ ಪ್ರತಿ ಹಳ್ಳಿಯಲ್ಲೂ ನೋಡುವ ಕಣ್ಣು ಇರಬೇಕು. ಅಷ್ಟು ಕಡೆಗೆ ಸರ್ಕಾರ ಅಧಿಕಾರಿಗಳನ್ನು ಕಳಿಸಲಾರದು. ಆ ಕಣ್ಣು ತಮ್ಮದೇ.

ಆದ್ದರಿಂದ ಬರೆದದ್ದನ್ನು ಪೆಟ್ಟಿಗೆಯಲ್ಲಿಡದೆ ಹಂಚಿಕೊಳ್ಳಿ. ಮನೆಯಲ್ಲಿ ಮೊಬೈಲು ಇದ್ದೇ ಇದೆ. ಹುಳುವಿನ ಪಟ ತೆಗೆದು, ತಾರೀಖು ಮತ್ತು ಸ್ಥಳದೊಡನೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಎಂಬ ತಾಣಗಳಿಗೆ ಹಾಕಿದರೆ, ಬಲ್ಲವರು ಹೆಸರು ಹೇಳುತ್ತಾರೆ, ಲೆಕ್ಕವೂ ಉಳಿಯುತ್ತದೆ. ಚಿಟ್ಟೆಗಳಿಗೆಂದೇ 2020ರಲ್ಲಿ ನಮ್ಮ ದೇಶದಲ್ಲಿ ಸೆಪ್ಟೆಂಬರ್ ತಿಂಗಳನ್ನು ಎಣಿಕೆಯ ತಿಂಗಳಾಗಿ ಆಚರಿಸಲು ಆರಂಭಿಸಿದರು. ಬೆಳೆಯ ಪೀಡೆಗಳಿಗಾಗಿ ಕೇಂದ್ರ ಸರ್ಕಾರ 2024ರ ಆಗಸ್ಟ್ 15ರಂದು ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯನ್ನು ತಂದಿದೆ. ಅದಕ್ಕೂ ಪಟ ಕಳಿಸಬಹುದು. ಮೊಬೈಲು ಬಾರದವರು ಪುಸ್ತಕವನ್ನೇ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಕೂತು ನೋಡೋಣ.

"ಪುಕ್ಕಟೆ ಚಾಕರಿ ನಾವು ಯಾಕೆ ಮಾಡಬೇಕು?" ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಲೆಕ್ಕ ಬೇರೆಯವರಿಗೆ ಹೋದರೂ ಅದರ ಪ್ರತಿ ತಮ್ಮ ಮನೆಯಲ್ಲೇ ಇರುತ್ತದೆ. ಕುಂಬಳಕಾಯಿ ತಮ್ಮದು, ಉಳಿದ ಔಷಧಿಯ ದುಡ್ಡು ತಮ್ಮದು, ಕಲಿತ ವಿದ್ಯೆ ತಮ್ಮ ಮಕ್ಕಳದು. ವಾರಕ್ಕೆ ಹತ್ತು ನಿಮಿಷಕ್ಕೆ ಇಷ್ಟು ಕೂಲಿ ಸಾಲದೇ?

ಕೊನೆಯದಾಗಿ ಮೂರು ಎಚ್ಚರಿಕೆ. ಒಂದು, ಔಷಧಿ ಹೊಡೆದ ಹೊಲಕ್ಕೆ ಮಕ್ಕಳನ್ನು ಎಣಿಸಲು ಕಳಿಸಬೇಡಿ. ಎರಡು, ಹೆಜ್ಜೇನಿನ ಗೂಡಿನ ಹತ್ತಿರ ಸುಳಿಯಬೇಡಿ. ಎಣಿಸುವುದು ಹೂವಿನ ಮುಂದೆ, ಗೂಡಿನ ಮುಂದೆ ಅಲ್ಲ. ಮೂರು, ಕಂಬಳಿಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ನೋಡಬೇಕು, ಎಣಿಸಬೇಕು, ಬಿಡಬೇಕು. ಹಿಡಿದು ಸೀಸೆಯಲ್ಲಿ ತುಂಬುವುದು ಬೇಡ.

ನಾಳೆ ಬೆಳಿಗ್ಗೆ ಬಿಸಿಲೇರುವುದಕ್ಕೆ ಮುಂಚೆ ಹಿತ್ತಲಿಗೆ ಹೋಗಿ, ಅರಳಿದ ಒಂದು ಹೂ ಆರಿಸಿಕೊಳ್ಳಿ. ಪುಸ್ತಕದ ಮೊದಲನೇ ಹಾಳೆಯಲ್ಲಿ ತಾರೀಖು ಹಾಕಿ. ಹತ್ತು ನಿಮಿಷ ಸುಮ್ಮನೆ ಕೂತು ಎಣಿಸಿ. ಹದಿನಾಲ್ಕು ಬಂದರೆ ಹದಿನಾಲ್ಕು, ಸೊನ್ನೆ ಬಂದರೆ ಸೊನ್ನೆ. ಬಂದದ್ದನ್ನು ಬಂದ ಹಾಗೇ ಬರೆಯಿರಿ. ಮುಂದಿನ ವಾರ ಮತ್ತೆ ಅದೇ ಜಾಗಕ್ಕೆ ಹೋಗುವುದನ್ನು ಮರೆಯಬೇಡಿ.

ಇನ್ನು ನಾನು ಬರುತ್ತೇನೆ. ತಮ್ಮ ಬಳ್ಳಿಗಳು ಕಾಯಿ ಕಚ್ಚಲಿ. ನಮಸ್ಕಾರ.